ಗಣಿಯೂರಿನ ಮತ, ನನ್ನ ಒಳಜೇಬಿನ ಬಿಲ್ಲೆ

ಹೊಸಕೋಟೆ ಬಸ್ ನಿಲ್ದಾಣ

ಕೆನಡಾ ಎಲ್ಲಿದೆ ಎಂದು ನಮ್ಮಮ್ಮನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಕಾಶೆಯಲ್ಲಿ ಗೊತ್ತಿದ್ದಷ್ಟೇ. ಹೊರಡುವ ಹಿಂದಿನ ವಾರ ಅವಳು ನನ್ನ ಕೋಟನ್ನು ಮಗುಚಿ ಹಾಕಿಕೊಂಡು, ಎದೆಯ ಎಡಗಡೆ, ಒಳಭಾಗಕ್ಕೆ ಇನ್ನೊಂದು ಜೇಬು ಹೊಲಿದಳು. ಅಪ್ಪನ ಹಳೆಯ ಪಂಚೆಯ ತುಂಡು. ಬಾಯಿಗೆ ಎರಡು ಗುಂಡಿ.

"ಸರ್ಕಾರದೋರು ಕೊಟ್ಟಿದ್ದು ಏನೇ ಇರ್ಲಿ, ಇದ್ರೊಳಗೆ ಇಕ್ಕೋ. ಯಾರು ಕೇಳಿದ್ರೂ ಕೊಡ್ಬೇಡ" ಎಂದಳು, ನನ್ನನ್ನು ಬಸ್ಸು ಹತ್ತಿಸಲು ಬಂದವಳು.

"ಪಾಸ್‌ಪೋರ್ಟು ಕೇಳಿದ್ರೆ ತೋರಿಸ್ಬೇಕು ಕಣಮ್ಮ."

"ತೋರ್ಸು. ತೋರ್ಸಿ ಮತ್ತೆ ಒಳಗೆ ಇಕ್ಕೋ. ಹಾಸ್ಟೆಲ್ ಬಿಲ್ಲೆ ಕಳ್ಕೊಂಡು ಉಪವಾಸ ಬಿದ್ದಿದ್ದು ಮರ್ತೋಯ್ತಾ?"

ಮರೆತಿರಲಿಲ್ಲ. ಬೆಂಗಳೂರಿನಲ್ಲಿ ಬಿ.ಎ. ಓದುವಾಗ ನಾನಿದ್ದ ಉಚಿತ ಹಾಸ್ಟೆಲಿನಲ್ಲಿ ಊಟಕ್ಕೆ ಕೂರಬೇಕಾದರೆ ಹಿತ್ತಾಳೆ ಬಿಲ್ಲೆ ತೋರಿಸಬೇಕಿತ್ತು. ಒಂದು ಸಲ ಅದು ಕಳೆದುಹೋಯಿತು. ಹೊಸದು ಬರುವವರೆಗೆ ಮೂರು ದಿನ ಕಡಲೆಕಾಯಿ ತಿಂದುಕೊಂಡು ಓದಿದೆ. ಆಮೇಲಿನಿಂದ ನಂಬರಿರುವ ಯಾವ ವಸ್ತು ಕೈಗೆ ಬಂದರೂ ನನ್ನ ಬೆರಳುಗಳು ತಾವಾಗಿಯೇ ಅದನ್ನು ಬಚ್ಚಿಡುತ್ತವೆ. ಈ ಒಂದು ಅಭ್ಯಾಸ ಭೂಮಿಯ ಆ ತುದಿಯಲ್ಲಿ ಏನು ಮಾಡಿತು ಎಂಬುದೇ ಈ ಬರಹ.

ನಮ್ಮ ಊರು ಅನುಗೊಂಡನಹಳ್ಳಿ ಹೋಬಳಿಯದು. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿಕೊಂಡಿದ್ದವನು, ಅಧ್ಯಾಪಕರನ್ನು ದೇಶದಿಂದ ದೇಶಕ್ಕೆ ಕಳಿಸುವ ಒಂದು ಯೋಜನೆಯಲ್ಲಿ ಆಯ್ಕೆಯಾದೆ. ಆರು ವಾರ. ಹೋದವರೆಲ್ಲ ಅಲ್ಲಿನ ಪ್ರಾಂತದ ಶಾಸನಸಭೆಯ ಒಂದೊಂದು ಕ್ಷೇತ್ರವನ್ನು ಆರಿಸಿಕೊಂಡು ಅದರ ರಾಜಕೀಯ ಇತಿಹಾಸವನ್ನು ಬರೆದುಕೊಡಬೇಕು. ಪ್ರಾಂತ ಎಂದರೆ ನಮ್ಮ ಮೈಸೂರು ರಾಜ್ಯ ಇದ್ದ ಹಾಗೆ. ಉಳಿದವರು ದೊಡ್ಡ ಪಟ್ಟಣಗಳ ಕ್ಷೇತ್ರ ಹಿಡಿದರು. ನಾನು ಉತ್ತರದ ಗಣಿಸೀಮೆಯದನ್ನು ಕೇಳಿದೆ. ನಮ್ಮ ಸೋದರಮಾವ ಕೋಲಾರದ ಗಣಿಯೂರಿಗೆ ಸೊಪ್ಪು ತರಕಾರಿ ಹಾಕುತ್ತಿದ್ದ. ಅವನ ಜೊತೆ ಹೋಗಿ ಗಣಿಯ ಚಕ್ರ ತಿರುಗುವುದನ್ನು ಎಷ್ಟೋ ಸಲ ನೋಡಿದ್ದೆ. ಒಳಗೆ ಏನಿದೆ ಎಂದು ನೋಡಲು ಮಾತ್ರ ಯಾರೂ ಬಿಟ್ಟಿರಲಿಲ್ಲ.

ಗಣಿಯೂರು

ರೈಲು ನನ್ನನ್ನು ಇಳಿಸಿದ್ದು ಬರೀ ಕರಿಬಂಡೆಯ ನಡುವೆ. ಮರ ಕಡಿಮೆ, ಇದ್ದವೂ ಎಲೆ ಉದುರಿಸಿ ನಿಂತಿದ್ದವು. ಅಕ್ಟೋಬರಿನ ಗಾಳಿ ಕಿವಿಯನ್ನು ಕತ್ತರಿಸುತ್ತಿತ್ತು. ಬಂಡೆ ನೋಡಿ ನನಗೆ ಧೈರ್ಯವೇ ಬಂತು. ಕಲ್ಲು ನಮಗೇನು ಹೊಸದಲ್ಲ.

ನಾನು ಉಳಿದುಕೊಳ್ಳಬೇಕಾದ ಮನೆಯ ಯಜಮಾನ ತೊಯ್ವೊ ಕರೆದುಕೊಂಡು ಹೋಗಲು ಬಂದಿದ್ದ. ಐವತ್ತೈದರ ಗಟ್ಟಿ ಆಳು, ಬಲಗೈಯಲ್ಲಿ ಎರಡು ಬೆರಳಿಲ್ಲ. ಅವನ ಅಪ್ಪ ಫಿನ್ಲೆಂಡಿನಿಂದ ಬಂದು ಇದೇ ಗಣಿಗೆ ಇಳಿದವನು. ತೊಯ್ವೊನ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ, ದುಡಿಯುವವರ ಇಂಗ್ಲಿಷು. ಅದನ್ನು ಗ್ರಂಥದ ಕನ್ನಡಕ್ಕೆ ಇಳಿಸಿದರೆ ಅವನಿಗೆ ಬೇರೆಯವರ ಅಂಗಿ ತೊಡಿಸಿದಂತಾಗುತ್ತದೆ. ಆದ್ದರಿಂದ ಅವನು ನಮ್ಮ ಹೋಬಳಿಯಲ್ಲಿ ಹುಟ್ಟಿದ್ದರೆ ಹೇಗೆ ಮಾತಾಡುತ್ತಿದ್ದನೋ ಹಾಗೇ ಬರೆಯುತ್ತೇನೆ.

"ಮೇಷ್ಟ್ರಾ ನೀನು?" ಎಂದ. ಆ ಕ್ಷಣದಿಂದ ಊರಿಗೆಲ್ಲ ನಾನು ಮೇಷ್ಟ್ರು. "ನಮ್ಮ ಕ್ಷೇತ್ರದ್ದು ಇತಿಹಾಸ ಬರೀತೀಯಂತೆ. ಬರಿ ಬರಿ. ಇಲ್ಲಿ ವೋಟು ನೆಲದ ಮೇಲಿಲ್ಲ, ನೆಲದ ಕೆಳಗದೆ."

ಅವನ ಹೆಂಡತಿ ಹೆಲ್ಮಿ ಕಡಿಮೆ ಮಾತಿನವಳು. ನಾನು ಮಾಂಸ ತಿನ್ನುತ್ತೇನೆ ಎಂದು ತಿಳಿದಾಗ ಅವಳ ಮುಖದ ಮೇಲಿದ್ದ ಭಾರ ಇಳಿಯಿತು. ಭಾರತದವನು ಬರುತ್ತಾನೆ ಎಂದು ಪಾಪ ಅವಳು ಆಲೂಗಡ್ಡೆ ಮೂಟೆ ತರಿಸಿಟ್ಟಿದ್ದಳು. ಆರು ವಾರ ಆಲೂಗಡ್ಡೆ ಬೇಯಿಸುವುದರಿಂದ ಅವಳೂ, ತಿನ್ನುವುದರಿಂದ ನಾನೂ ಪಾರಾದೆವು.

ತೊಯ್ವೊನ ಬಿಸಿಕೋಣೆ

ಆ ಜನರಿಗೆ ಶನಿವಾರದ ಸ್ನಾನ ನಮ್ಮ ದೀಪಾವಳಿಯ ಎಣ್ಣೆಸ್ನಾನಕ್ಕಿಂತ ಹೆಚ್ಚು. ಹಿತ್ತಿಲಿನಲ್ಲಿ ಮರದ ಒಂದು ಗೂಡು. ಒಳಗೆ ಕಾದ ಕಲ್ಲುಗಳ ಒಲೆ. ಅದರ ಮೇಲೆ ನೀರು ಎರಚಿ ಹಬೆ ಎಬ್ಬಿಸಿ ಬೆತ್ತಲೆ ಕೂರುತ್ತಾರೆ. ನಾನು ಟವೆಲು ಬಿಚ್ಚಲಿಲ್ಲ. "ಅದ್ರಲ್ಲೇನು ಬಚ್ಚಿಟ್ಟಿದ್ದೀಯಾ, ಬ್ಯಾಲೆಟ್ ಪೇಪರಾ?" ಎಂದು ತೊಯ್ವೊ ಕೇಳಿದ.

ಕ್ಷೇತ್ರದ ಇತಿಹಾಸವನ್ನು ಅವನು ಹೇಳಿದ್ದು ಆ ಹಬೆಯಲ್ಲಿ ಕೂತು. ನಾನು ಹಟ ಹಿಡಿದು ನೋಟ್‌ಬುಕ್ಕನ್ನು ಒಳಗೆ ಒಯ್ದಿದ್ದೆ. ಹತ್ತು ನಿಮಿಷಕ್ಕೆ ಹಾಳೆಗಳು ಮುದ್ದೆಯಾದವು, ಶಾಯಿ ಹರಿದು ನನ್ನ ಹೊಟ್ಟೆಗೆ ಹತ್ತಿತು. ಆದ್ದರಿಂದ ನೆನಪಿನಿಂದ ಹೇಳುತ್ತೇನೆ.

ರೈಲು ಹಳಿ ಹಾಕಲು ಬಂಡೆ ಸಿಡಿಸಿದಾಗ ಅದಿರು ಕಂಡಿತಂತೆ. ಮೊದಮೊದಲು ಕ್ಷೇತ್ರ ಎಷ್ಟು ಅಗಲವಿತ್ತೆಂದರೆ ಅಭ್ಯರ್ಥಿ ದೋಣಿಯಲ್ಲೂ ನಾಯಿ ಎಳೆಯುವ ಬಂಡಿಯಲ್ಲೂ ಹೋಗಬೇಕಿತ್ತು. ಅಷ್ಟು ಹೊತ್ತಿಗೆ ಚುನಾವಣೆಯೇ ಮುಗಿದಿರುತ್ತಿತ್ತು. ಮತಗಟ್ಟೆ ಇರುತ್ತಿದ್ದುದು ಗಣಿಯ ಮ್ಯಾನೇಜರನ ಅಂಗಳದಲ್ಲಿ. ಹಾಜರಿ ಬರೆಯುವ ಗುಮಾಸ್ತನೇ ಪಕ್ಕದಲ್ಲಿ ನಿಂತಿರುತ್ತಿದ್ದ. ಗೆಲ್ಲುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

"ನಮ್ಮ ಕಡೆ ಗೌಡರ ಮನೆ ಜಗುಲಿ ಇದ್ದ ಹಾಗೆ" ಎಂದೆ. ಗೌಡರು ಯಾರು, ಜಗುಲಿ ಎಂದರೆ ಏನು ಎಂದು ವಿವರಿಸಬೇಕಾಯಿತು. ಅರ್ಥವಾದ ಮೇಲೆ ಅವನು ಬಹಳ ಹೊತ್ತು ತಲೆಯಾಡಿಸಿದ.

ಆಮೇಲೆ ಒಂದು ಯುದ್ಧ ಬಂತು. ಪರದೇಶದಿಂದ ಬಂದು ನೆಲೆಸಿದ ಕೆಲವರ ಹೆಸರನ್ನು ಮತದಾರರ ಪಟ್ಟಿಯಿಂದ ಹೊಡೆದುಹಾಕಿದರು. ಅದರಲ್ಲಿ ತೊಯ್ವೊನ ಅಪ್ಪನೂ ಒಬ್ಬ. "ಗಣಿಗೆ ಇಳಿಯಕ್ಕೆ ಆಗ್ತಾನೆ, ವೋಟಿಗೆ ಆಗಲ್ವಂತೆ. ನಮ್ಮಪ್ಪ ವೋಟಿನ ದಿನ ಒಳ್ಳೆ ಅಂಗಿ ಹಾಕ್ಕೊಂಡು ಹೋಗಿ, ಬಾಗಿಲಿನಿಂದ ವಾಪಸ್ ಬಂದ. ಆ ಅಂಗಿ ಮತ್ತೆ ಹಾಕ್ಲೇ ಇಲ್ಲ." ತೊಯ್ವೊ ಕಲ್ಲಿನ ಮೇಲೆ ನೀರು ಚೆಲ್ಲಿದ, ಹಬೆಯಲ್ಲಿ ಅವನ ಮುಖ ಕಾಣಿಸಲಿಲ್ಲ. "ನಾನು ಇವತ್ತಿಗೂ ಒಂದು ವೋಟು ತಪ್ಪಿಸಿಲ್ಲ ಮೇಷ್ಟ್ರೇ. ಬೆರಳು ಹೋದ ವಾರದಲ್ಲೂ ಎಡಗೈನಲ್ಲಿ ಗುರುತು ಹಾಕ್ಬಂದೆ."

ಗಣಿಯವರು ಸಂಘ ಕಟ್ಟಿದ ಮೇಲೆ ಕಾರ್ಮಿಕರ ಪಕ್ಷ ಗೆದ್ದಿತು. ಇನ್ನು ಇವರದೇ ರಾಜ್ಯ ಎನ್ನುವಷ್ಟರಲ್ಲಿ ಒಂದು ಸಂಘ ಎರಡಾಯಿತು. ಅಣ್ಣ ಒಂದರಲ್ಲಿ, ತಮ್ಮ ಇನ್ನೊಂದರಲ್ಲಿ. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿ. ಇಬ್ಬರ ಜಗಳದಲ್ಲಿ ಸರ್ಕಾರದ ಪಕ್ಷದವನು ನಡುವೆ ನುಸುಳಿ ಗೆದ್ದ. ರಸ್ತೆ ಮಾಡಿಸಿದ, ಆಸ್ಪತ್ರೆ ತಂದ, ಅಲ್ಲೇ ಬೇರೂರಿದ. ಅಷ್ಟು ಸಾಲದೆಂದು ಕ್ಷೇತ್ರದ ಗಡಿ ಬದಲಾಯಿತು. ಕೆರೆಯಾಚೆಯ ಬೇಸಾಯದ ಹಳ್ಳಿಗಳು ಬಂದು ಸೇರಿದವು. ಕೆರೆ ಎಂದೆ, ನಮ್ಮ ಜಿಲ್ಲೆಯ ಎಲ್ಲ ಕೆರೆಗಳನ್ನೂ ಸುರಿದರೂ ಅದು ತುಂಬುವುದಿಲ್ಲ.

"ಹೋದ ಸಲ ನಾವು ಸೋತಿದ್ದು ಎಷ್ಟರಲ್ಲಿ ಗೊತ್ತಾ? ಒಂದು ಬಸ್ ಜನ" ಎಂದ ತೊಯ್ವೊ.

ನಾನು ಹೊಸಕೋಟೆಯಿಂದ ನಮ್ಮೂರ ಕಡೆ ಬರುವ ಬಸ್ಸನ್ನು ನೆನೆಸಿಕೊಂಡೆ. ಅಷ್ಟಾದರೆ ಅಂತರ ಸ್ವಲ್ಪ ದೊಡ್ಡದೇ. ಅವನು ಹೇಳಿದ್ದು ಕೂತು ಹೋಗುವ ಬಸ್ಸಂತೆ.

ನೆಲದ ಕೆಳಗೆ

ನನ್ನ ಅದೃಷ್ಟಕ್ಕೆ ಪ್ರಾಂತದ ಚುನಾವಣೆ ನಾನಿದ್ದಾಗಲೇ ಬಂತು. ಆ ದಿನ ಬೆಳಿಗ್ಗೆ ಗಣಿ ನೋಡಲು ನನಗೆ ಅನುಮತಿ ಸಿಕ್ಕಿತ್ತು. ತೊಯ್ವೊನ ಪಾಳಿ ನಾಲ್ಕಕ್ಕೆ ಮುಗಿಯುತ್ತದೆ, ಮತಗಟ್ಟೆ ಮುಚ್ಚುವುದು ಏಳಕ್ಕೆ. ಇಡೀ ಪಾಳಿ ಸ್ನಾನ ಮುಗಿಸಿ ಒಟ್ಟಿಗೆ ಹೋಗಿ ಮತ ಹಾಕುವುದು ಅಲ್ಲಿನ ರೂಢಿ.

ಬಟ್ಟೆ ಬದಲಾಯಿಸುವ ಕೊಟ್ಟಿಗೆಯಲ್ಲಿ ಗೂಟಗಳಿಲ್ಲ. ಪ್ರತಿಯೊಬ್ಬನ ಬಟ್ಟೆಯನ್ನೂ ಸರಪಳಿಗೆ ಸಿಕ್ಕಿಸಿ ಸೂರಿಗೆ ಎಳೆದುಬಿಡುತ್ತಾರೆ. ತಲೆ ಎತ್ತಿ ನೋಡಿದರೆ ನೂರಾರು ಅಂಗಿ ಷರಾಯಿಗಳು ಮನುಷ್ಯರಿಲ್ಲದೆ ತೂಗಾಡುತ್ತವೆ. ನನ್ನ ಕೋಟೂ ಮೇಲೆ ಹೋಯಿತು, ಅಮ್ಮನ ಜೇಬಿನ ಸಮೇತ.

ಇಳಿಯುವ ಬಾಗಿಲ ಬಳಿ ಒಂದು ದೊಡ್ಡ ಹಲಗೆ. ಅದರ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಇಳಿಯುವವನು ತನ್ನ ಬಿಲ್ಲೆಯನ್ನು ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ತಕ್ಷಣ ಅಲ್ಲೇ ತಗುಲಿಹಾಕಬೇಕು. ಹಲಗೆ ಕಾಯುವ ಮುದುಕ ಇದನ್ನೆಲ್ಲ ನನಗೆ ಹೇಳಿದನಂತೆ. ಅವನು ಹೇಳುತ್ತಿದ್ದಾಗ ನನ್ನ ಕಣ್ಣು ಶಾಫ್ಟು ಎಂಬ ಆಳದ ಬಾವಿಯ ಕತ್ತಲೆಯ ಮೇಲಿತ್ತು. ಕೈಗೆ ಬಿಲ್ಲೆ ಬಂದದ್ದಷ್ಟೇ ನೆನಪು. ಅತಿಥಿಗಳದ್ದು, ನಂಬರ್ ಏಳು.

ಪಂಜರದಂಥ ಕೇಜಿನಲ್ಲಿ ತೊಯ್ವೊನ ಜೊತೆ ಇಳಿದೆ. ಕೆಳಗೆ ಚಳಿಯಿರುತ್ತದೆ ಎಂದುಕೊಂಡಿದ್ದೆ. ರಾಗಿ ಕಣದ ಮಧ್ಯಾಹ್ನದಷ್ಟು ಸೆಕೆ. ತೊಯ್ವೊ ಬಂಡೆಯನ್ನು ಕೊರೆಯುವ ಜಾಗ ತೋರಿಸಿದ. "ಇದ್ರೊಳಗೆ ಮದ್ದು ತುಂಬ್ತೀವಿ. ಪಾಳಿ ಮುಗ್ದು ಎಲ್ಲಾರೂ ಮೇಲೆ ಹೋದ್ಮೇಲೆ ಸಿಡಿಸ್ತಾರೆ" ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ನಕ್ಕ.

ಒಂದು ಗಂಟೆಗೆ ನನ್ನನ್ನು ಒಬ್ಬನನ್ನೇ ಕೇಜು ಹತ್ತಿಸಿ ಮೇಲೆ ಕಳಿಸಿದ. ಹಲಗೆಯ ಮುದುಕ ಊಟಕ್ಕೆ ಕೂತಿದ್ದ, ಬೆನ್ನು ನನ್ನ ಕಡೆಗಿತ್ತು. ನಾನು ಕೈ ತೊಳೆದೆ, ಕೋಟು ಇಳಿಸಿಕೊಂಡೆ. ಅಂಗೈಯಲ್ಲಿ ಬಿಲ್ಲೆ ಇತ್ತು. ನಂಬರಿರುವ ಬಿಲ್ಲೆ. ಹುಷಾರಾಗಿ ಅದನ್ನು ಒಳಜೇಬಿನಲ್ಲಿ ಪಾಸ್‌ಪೋರ್ಟಿನ ಪಕ್ಕಕ್ಕೆ ಇಟ್ಟು ಎರಡೂ ಗುಂಡಿ ಹಾಕಿದೆ. ಕಳೆದುಕೊಳ್ಳಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಮಾರನೆಯ ದಿನ ಯಾರಾದರೂ ಕೇಳಿದರೆ ತೋರಿಸಿದರಾಯಿತು.

ಗ್ರಂಥಾಲಯ

ಅಲ್ಲಿಂದ ಸೀದಾ ಊರಿನ ಗ್ರಂಥಾಲಯಕ್ಕೆ ಹೋದೆ. ಹಳೆಯ ಪತ್ರಿಕೆಗಳಲ್ಲಿ ಕ್ಷೇತ್ರದ ಚುನಾವಣೆಗಳನ್ನು ಒಂದೊಂದಾಗಿ ಹುಡುಕುತ್ತ ಕೂತೆ. ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಲ್ಮಿ ಮತಗಟ್ಟೆಯಲ್ಲಿ ಕಾಫಿ ಮಾಡಿಕೊಡಲು ಹೋಗಿದ್ದಳು.

ಎರಡು ಸಂಘಗಳ ಜಗಳದ ಕಾಲದ ಪತ್ರಿಕೆ ನನ್ನ ಮುಂದಿತ್ತು. ಒಂದು ಚಿತ್ರದಲ್ಲಿ ಗೆದ್ದವನು ಹಾರ ಹಾಕಿಕೊಂಡು ನಿಂತಿದ್ದ. ಹಾರವಲ್ಲ, ಅದು ಮಫ್ಲರು. ನಾನು ಮನಸ್ಸಿನಲ್ಲೇ ಹಾರ ಹಾಕಿಬಿಟ್ಟಿದ್ದೆ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಗಣಿಯ ಕೂಗು ಕೇಳಿಸಿತು. ಪಾಳಿಯ ಕೂಗನ್ನು ನಾನು ದಿನವೂ ಕೇಳುತ್ತಿದ್ದೆ. ಇದು ಅದಲ್ಲ. ನಿಲ್ಲಲೇ ಇಲ್ಲ. ಗ್ರಂಥಪಾಲಕಿ ಕೈಲಿದ್ದ ಪುಸ್ತಕವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು.

"ಯಾರೋ ಒಬ್ಬರು ಮೇಲೆ ಬಂದಿಲ್ಲ" ಎಂದಳು.

ಅವಳು ದೀಪ ಆರಿಸಿದಳು, ಬೀಗ ಹಾಕಿದಳು. ಇಬ್ಬರೂ ಗಣಿಯ ಕಡೆ ನಡೆದೆವು. ದಾರಿಯುದ್ದಕ್ಕೂ ಮನೆಗಳಿಂದ ಹೆಂಗಸರು ಹೊರಬಂದು ಸೇರಿಕೊಂಡರು. ಯಾರೂ ಓಡಲಿಲ್ಲ, ಯಾರೂ ಅಳಲಿಲ್ಲ. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಎದೆ ಬಡಿದುಕೊಂಡು ಊರೇ ಕಿತ್ತುಹೋಗುತ್ತಿತ್ತು. ಅಲ್ಲಿನ ಆ ಮೌನ ನನ್ನನ್ನು ಇನ್ನೂ ಹೆಚ್ಚು ಹೆದರಿಸಿತು.

ಬೇಲಿಯ ಹೊರಗೆ

ಗಣಿಯ ಬೇಲಿಗೆ ಒರಗಿ ನಿಂತೆವು. ತೊಯ್ವೊನೇ ಇರಬಹುದೇ ಎಂದು ಬೇಲಿಯ ಸಂದಿಯಲ್ಲಿ ಅವನ ಮುಖ ಹುಡುಕಿದೆ. ಬೆಳಿಗ್ಗೆ ತೋರಿಸಿದ ಮದ್ದಿನ ತೂತುಗಳು ಕಣ್ಣೆದುರು ಬಂದವು. ಮನೆದೇವರಿಗೆ ಹರಕೆ ಹೊತ್ತೆ. ನಮ್ಮ ಮನೆದೇವರಿಗೆ ಕೆನಡಾದ ಅಧಿಕಾರ ಇದೆಯೋ ಇಲ್ಲವೋ ಯೋಚಿಸಲಿಲ್ಲ.

ಪಕ್ಕದಲ್ಲಿದ್ದ ದಪ್ಪ ಶಾಲಿನ ಹೆಂಗಸು ತನ್ನ ಫ್ಲಾಸ್ಕಿನಿಂದ ನನಗೆ ಕಾಫಿ ಕೊಟ್ಟು, ನಡೆದದ್ದನ್ನು ಹೇಳಿದಳು. ಒಂದು ಬಿಲ್ಲೆ ಹಲಗೆಗೆ ಬಂದಿಲ್ಲ. ಎಲ್ಲ ಬಿಲ್ಲೆ ಬರುವವರೆಗೆ ಮದ್ದು ಸಿಡಿಸುವ ಹಾಗಿಲ್ಲ, ಮುಂದಿನ ಪಾಳಿ ಇಳಿಯುವ ಹಾಗಿಲ್ಲ. ಮುಗಿದ ಪಾಳಿಯವರು ಮನೆಗೆ ಹೋಗುವುದಿಲ್ಲ. ಇದು ಕಾನೂನಲ್ಲ, ಅವರೇ ಮಾಡಿಕೊಂಡ ಕಟ್ಟು. ಈಗ ಇಡೀ ಪಾಳಿ ಮತ್ತೆ ಕೆಳಗಿಳಿದು ಹುಡುಕುತ್ತಿದೆ.

"ಹಾಗಾದರೆ ಅವರ ಮತ?" ಎಂದೆ. ಗಡಿಯಾರದಲ್ಲಿ ಐದೂಮುಕ್ಕಾಲು.

"ಮನುಷ್ಯ ಸಿಕ್ಕಿದ ಮೇಲಲ್ಲವೇ ಮತ" ಎಂದಳು ಆಕೆ.

ಬೇಲಿಯ ಒಳಗೆ ಯಾರೋ ವಾದಿಸುತ್ತಿದ್ದರು. ಕೇಜು ನಡೆಸುವವನು, ಕಾಣೆಯಾದವನನ್ನು ತಾನು ಮಧ್ಯಾಹ್ನವೇ ಮೇಲೆ ತಂದಂತೆ ನೆನಪು ಎನ್ನುತ್ತಿದ್ದ. ಹಲಗೆಯ ಮುದುಕ ಒಪ್ಪಲಿಲ್ಲ. "ನಿನ್ನ ನೆನಪನ್ನ ಮೊಳೆಗೆ ತಗುಲಿಹಾಕಕ್ಕಾಗಲ್ಲ" ಎಂದ.

"ಯಾರು ಕಾಣೆಯಾಗಿರುವುದು?" ನಾನು ಶಾಲಿನ ಹೆಂಗಸನ್ನು ಕೇಳಿದೆ.

"ಖಚಿತವಾಗುವವರೆಗೆ ಹೆಸರು ಹೇಳುವುದಿಲ್ಲ. ನಂಬರು ಮಾತ್ರ. ಏಳು ಅಂತೆ. ಯಾರೋ ಅತಿಥಿ, ಪಾಪ."

ನಮ್ಮಮ್ಮ ಚಿಕ್ಕಂದಿನಲ್ಲಿ ಒಂದು ಕಥೆ ಹೇಳುತ್ತಿದ್ದಳು. ಹತ್ತು ಜನ ಹೊಳೆ ದಾಟಿ, ಎಣಿಸಿದವನು ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಕೊಚ್ಚಿಹೋದನೆಂದು ದಡದಲ್ಲಿ ಕೂತು ಅತ್ತರಂತೆ. ಅವರು ಎಂಥ ಪೆದ್ದರು ಎಂದು ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವರಾರೂ ಬಿ.ಎ. ಮಾಡಿರಲಿಲ್ಲ.

ಕೈ ಒಳಜೇಬಿಗೆ ಹೋಯಿತು. ಬಿಲ್ಲೆ ಅಲ್ಲೇ ಇತ್ತು. ಓಡಿಹೋಗಿಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಕಾಫಿ ಲೋಟವನ್ನು ಆಕೆಗೆ ಕೊಟ್ಟೆ. ಬೇಲಿಯ ಬಾಗಿಲು ದಾಟಿ, ಅಷ್ಟು ಕಣ್ಣುಗಳ ಮುಂದೆ, ಹಲಗೆಯ ಹತ್ತಿರಕ್ಕೆ ನಡೆದು ಬಿಲ್ಲೆಯನ್ನು ಮುದುಕನ ಕೈಗೆ ಇಟ್ಟೆ.

ಅವನು ಬಿಲ್ಲೆ ನೋಡಿದ. ನನ್ನನ್ನು ನೋಡಿದ. ಅದನ್ನು ಅಂಗಿಗೆ ಒರೆಸಿ ಏಳನೆಯ ಮೊಳೆಗೆ ತಗುಲಿಹಾಕಿ, ಗೋಡೆಯ ಫೋನೆತ್ತಿ ಕೆಳಗೆ ಹೇಳಿದ:

"ಎಲ್ಲರೂ ಮೇಲೆ ಬಂದರು."

ಬೇಲಿಯ ಹೊರಗೂ ಅದೇ ಮಾತು ಬಾಯಿಂದ ಬಾಯಿಗೆ ಹೋಯಿತು. ಹೆಂಗಸರು ಶಾಲು ಸರಿಮಾಡಿಕೊಂಡು ಮನೆಗಳಿಗೆ ಹೊರಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹುಡುಕಲು ಇಳಿದಿದ್ದವರು ಕೇಜಿನಲ್ಲಿ ಗುಂಪು ಗುಂಪಾಗಿ ಬಂದರು. ತೊಯ್ವೊ ಕೊನೆಯ ಗುಂಪಿನಲ್ಲಿ ಬಂದ. ಮುಖವೆಲ್ಲ ಮಸಿ. ನನ್ನೆದುರು ಬಂದು ನಿಂತ.

"ಬದುಕಿದ್ದೀಯಾ ಮೇಷ್ಟ್ರೇ?"

"ಬದುಕಿದ್ದೀನಿ" ಎಂದೆ.

"ಎಲ್ಲಿದ್ದೆ? ಕೇಜು ಹತ್ತಿಸಿದ್ದು ನಾನೇ, ಬಿಲ್ಲೆ ಬಂದಿಲ್ಲ ಅಂದ್ಮೇಲೆ ನಡುವೆ ಎಲ್ಲಾದ್ರೂ ಇಳ್ಕೊಂಡ್ಯೇನೋ ಅಂತ ಹುಡುಕಿದ್ವಿ."

"ಲೈಬ್ರರಿ. ನಿಮ್ಮ ಇತಿಹಾಸ ಓದ್ತಾ ಇದ್ದೆ."

ಅವನು ಗಡಿಯಾರ ನೋಡಿದ. ಏಳಕ್ಕೆ ಇಪ್ಪತ್ತು ನಿಮಿಷವಿತ್ತು. "ಓದಿದ್ದು ಸಾಕು, ನಡಿ. ಅದ್ರದ್ದು ಕೊನೇ ಪುಟ ಬಾಕಿ ಅದೆ."

ಸಾಲಿನ ಬಾಲ

ಸ್ನಾನವಿಲ್ಲ, ಬಟ್ಟೆ ಬದಲಾವಣೆಯಿಲ್ಲ. ತಲೆಗೆ ದೀಪದ ಟೋಪಿ ಹಾಕಿಕೊಂಡೇ ಲಾರಿಗಳಲ್ಲಿ ತುಂಬಿಕೊಂಡು ಹೊರಟರು. ನಾನು ತೊಯ್ವೊನ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದೆ. ಈ ಪಾಳಿಯ ಮತ ತಪ್ಪಿ, ಇವರ ಪಕ್ಷ ಮತ್ತೆ ಒಂದು ಬಸ್ಸಿನಷ್ಟರಲ್ಲಿ ಸೋತರೆ, ಈ ಕ್ಷೇತ್ರದ ಇತಿಹಾಸದಲ್ಲಿ ನಾನೇ ಒಂದು ಅಧ್ಯಾಯವಾಗುತ್ತೇನೆ. ಅಪ್ಪನನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದರು. ಮಗನನ್ನು ತಿರುಗಿಸಿ ಕಳಿಸಿದವನು ನಾನಾಗುತ್ತೇನೆ.

ಮತಗಟ್ಟೆ ಇದ್ದುದು ಸಂಘದ ಸಭಾಂಗಣದಲ್ಲಿ. ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಗೆ ಹರಿದಿತ್ತು. ತೊಯ್ವೊ ಲಾರಿ ನಿಲ್ಲಿಸಿ ಬರುವಷ್ಟರಲ್ಲಿ ಕೊನೆಯವನಾದ. ಅವನು ಬಂದು ನಿಲ್ಲುವುದಕ್ಕೂ ಒಳಗೆ ಏಳು ಹೊಡೆಯುವುದಕ್ಕೂ ಸರಿಹೋಯಿತು.

ಅಲ್ಲಿಗೆ ಗಲಾಟೆ ಶುರುವಾಯಿತು. ಸರ್ಕಾರದ ಪಕ್ಷದ ಏಜೆಂಟನಾಗಿದ್ದ ಊರಿನ ಕ್ಷೌರಿಕ ಬಾಗಿಲಿಗೆ ಅಡ್ಡ ನಿಂತ. "ಒಳಗಿರುವವರು ಮಾತ್ರ" ಎಂದ. ಮತಗಟ್ಟೆಯ ಅಧಿಕಾರಿಣಿ ಕನ್ನಡಕವನ್ನು ಹಣೆಗೇರಿಸಿ ನಿಯಮದ ಪುಸ್ತಕ ತೆಗೆದಳು. ಮುಚ್ಚುವ ವೇಳೆಗೆ ಸಾಲಿನಲ್ಲಿದ್ದವರಿಗೆಲ್ಲ ಹಕ್ಕಿದೆ ಎಂದಿತ್ತು.

"ಸಾಲಿನಲ್ಲಿ ಯಾರಿದ್ದರು ಎಂದು ಹೇಗೆ ಹೇಳುತ್ತೀರಿ?" ಎಂದ ಕ್ಷೌರಿಕ. "ಮೊದಲಿನಿಂದ ಎಣಿಸುತ್ತ ಹೋದರೆ, ಕೊನೆ ಮುಟ್ಟುವ ಹೊತ್ತಿಗೆ ಇನ್ನೂ ಹತ್ತು ಜನ ಬಂದು ನಿಂತಿರುತ್ತಾರೆ." ಅವನ ಮಾತೂ ಸುಳ್ಳಲ್ಲ. ಆಕೆ ಪುಸ್ತಕ ತಿರುವಿದಳು. ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ನಾಲ್ಕೈದು ವರ್ಷದ ಹಿಂದೆ ದೊಡ್ಡಬೆಳವಂಗಲದ ಕಡೆಯ ಒಂದು ಹಳ್ಳಿಗೆ ನನ್ನನ್ನು ಮತಗಟ್ಟೆಯ ಅಧಿಕಾರಿಯಾಗಿ ಹಾಕಿದ್ದರು. ಕಳೆ ಕೀಳುವ ಕೆಲಸ ಮುಗಿಸಿಕೊಂಡು ಜನವೆಲ್ಲ ಕೊನೆಯ ಗಳಿಗೆಗೇ ಬಂದು ನಿಂತಿತ್ತು. ಅವತ್ತು ನಾನು ಮಾಡಿದ್ದನ್ನೇ ಆಕೆಗೆ ಹೇಳಿದೆ.

"ಅಮ್ಮಾ, ಎಣಿಕೆ ಬಾಲದಿಂದ ಶುರು ಮಾಡಬೇಕು. ಈಗ ಕೊನೆಗೆ ನಿಂತವನಿಗೆ ಮೊದಲ ಚೀಟಿ. ಅಲ್ಲಿಂದ ಮುಂದಕ್ಕೆ ಕೊಡುತ್ತ ಬನ್ನಿ. ಆಮೇಲೆ ಬಂದವನಿಗೆ ಚೀಟಿ ಇರುವುದಿಲ್ಲ. ನಮ್ಮೂರಿನಲ್ಲಿ ಹೀಗೇ ಮಾಡುತ್ತೇವೆ."

ಆಕೆ ಕ್ಷೌರಿಕನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. ಇವನಿಗೆ ಇಲ್ಲಿ ಮತವೂ ಇಲ್ಲ, ಪಕ್ಷವೂ ಇಲ್ಲ ಎನಿಸಿತೋ ಏನೋ, "ಆಗಬಹುದು" ಎಂದ.

ಚೀಟಿ ಕತ್ತರಿಸಲು ಹೊತ್ತಿರಲಿಲ್ಲ. ಹೆಲ್ಮಿ ಕಾಫಿ ಮೇಜಿನ ಖಾನೆ ಎಳೆದು ಇಸ್ಪೀಟಿನ ಕಟ್ಟೊಂದನ್ನು ನನ್ನ ಕೈಗಿತ್ತಳು. ಇಸ್ಪೀಟು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದ ಅಪ್ಪನ ಮಗ ನಾನು, ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅಧಿಕಾರಿಣಿಯೂ ಕ್ಷೌರಿಕನೂ ಆಚೀಚೆ ನಿಂತರು. ನಾನು ಸಾಲಿನ ಬಾಲಕ್ಕೆ ಹೋಗಿ ಹಂಚಲು ಶುರು ಮಾಡಿದೆ. ಕಟ್ಟಿನ ಮೇಲೆ ಜೋಕರ್ ಇತ್ತು. ತೊಯ್ವೊನ ಕೈಗೆ ಅದೇ ಬಂತು.

"ನೀನು ಇಟ್ಕೋಬೇಕಾದ್ದನ್ನ ನಂಗ್ ಕೊಟ್ಟೆಯಲ್ಲೋ" ಎಂದ.

ಸಾಲಿನುದ್ದಕ್ಕೂ ನಗು. "ನಂಗೆ ಎಕ್ಕ ಬಂತು" ಎಂದು ಒಬ್ಬ. "ರಾಣಿ ಬಂದವ್ಳೆ, ಮನೇಲಿ ಹೇಳ್ಬೇಡ್ರಪ್ಪ" ಎಂದು ಇನ್ನೊಬ್ಬ. ಮೆಟ್ಟಿಲಿನ ಮೇಲಿದ್ದವರಿಗೆಲ್ಲ ಕೊಟ್ಟು ಬಾಗಿಲು ಮುಟ್ಟಿದಾಗ ನನ್ನ ಕೈಯಲ್ಲಿ ಎರಡೇ ಎಲೆ ಉಳಿದಿದ್ದವು. ಅಷ್ಟರಲ್ಲಿ ಓಡುತ್ತ ಬಂದ ಇಬ್ಬರು ಬರಿಗೈಯಲ್ಲಿ ವಾಪಸ್ಸು ಹೋದರು. ಅದರಲ್ಲಿ ಒಬ್ಬ ಕ್ಷೌರಿಕನ ಭಾವಮೈದುನ. ಕ್ಷೌರಿಕನೇ ಅವನಿಗೆ ರಸ್ತೆ ತೋರಿಸಿದ.

ಒಬ್ಬೊಬ್ಬರೇ ಎಲೆ ಒಪ್ಪಿಸಿ ಒಳಗೆ ಹೋದರು. ಬೆರಳಿಗೆ ಶಾಯಿ ಇಲ್ಲ. ಗುರುತು ಹಾಕಲು ಬರೀ ಪೆನ್ಸಿಲು. ಅಳಿಸಿಬಿಟ್ಟರೆ ಎಂದು ನನಗೆ ಇವತ್ತಿಗೂ ಅನುಮಾನ. ಎಲ್ಲರಿಗಿಂತ ಕೊನೆಗೆ ಹೋದ ತೊಯ್ವೊ ಟೋಪಿ ತೆಗೆದು, ಮಸಿ ಹಿಡಿದ ಅಂಗಿಯನ್ನು ಎಳೆದು ಸರಿಮಾಡಿಕೊಂಡು, ಬಾಗಿಲು ದಾಟಿದ. ನನ್ನ ಎದೆಯ ಮೇಲಿದ್ದ ಬಂಡೆ ಇಳಿದದ್ದು ಆಗ.

ಅಡುಗೆಮನೆಯ ರೇಡಿಯೋ

ನಮ್ಮಲ್ಲಿ ಪೆಟ್ಟಿಗೆಗಳು ಪೊಲೀಸ್ ಕಾವಲಿನಲ್ಲಿ ಹೋಗಿ, ಎಣಿಕೆಯಾಗಲು ಮತ್ತೊಂದು ದಿನ ಬೇಕು. ಅಲ್ಲಿ ಮತಗಟ್ಟೆಯಲ್ಲೇ ಸುರಿದು ಎಣಿಸಿಬಿಡುತ್ತಾರೆ. ನಾವು ಮೀನಿನ ಸಾರು ಉಣ್ಣುವುದರೊಳಗೆ ರೇಡಿಯೋ ಫಲಿತಾಂಶ ಹೇಳಿತು. ಕಾರ್ಮಿಕರ ಪಕ್ಷ ಸೋತಿತ್ತು. ಹೋದ ಸಲಕ್ಕಿಂತ ಹತ್ತಿರ, ಅರ್ಧ ಬಸ್ಸಿನಷ್ಟು.

ನಾನು ಚಮಚ ಕೆಳಗಿಟ್ಟೆ. ತೊಯ್ವೊ ರೇಡಿಯೋ ಆರಿಸಿದ. ಕಾಲು ಚಾಚಿ ಕೂತ.

"ಯಾಕಪ್ಪಾ ಸಪ್ಪಗಾದೆ? ಇವತ್ತು ನಿನ್ನ ಬಿಲ್ಲೆ ಇನ್ನರ್ಧ ಗಂಟೆ ತಡವಾಗಿ ಸಿಕ್ಕಿದ್ರೆ, ಈ ಊರು ಇಪ್ಪತ್ತು ವರ್ಷ ನಿನ್ನ ಬೈತಿತ್ತು. ಮೇಷ್ಟ್ರು ಬಂದ, ಸೋಲಿಸ್ದ ಅಂತ. ಈಗ ಹಂಗನ್ನಕ್ಕಾಗಲ್ಲ. ಒಬ್ರೂ ತಪ್ಪದಂಗೆ ಹಾಕಿದ್ವಿ, ಸೋತ್ವಿ. ಸೋಲು ನಮ್ದೇ."

"ಸಾಲಿನಲ್ಲಿದ್ದೋರೆಲ್ಲ ನಿಮ್ಮ ಕಡೆಯೋರೇ ಅಲ್ವಾ?"

"ಯಾರು ಹೇಳಿದ್ದು? ಎಕ್ಕ ಬಂತು ಅಂತ ಕುಣಿದ್ನಲ್ಲ, ಅವ್ನು ಯಾವಾಗ್ಲೂ ಆ ಕಡೆಗೇ." ಹೆಲ್ಮಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕಳು. ನಾನು ಇನ್ನೊಂದು ಬಟ್ಟಲು ಸಾರು ಹಾಕಿಸಿಕೊಂಡೆ.

ದಕ್ಷಿಣದ ಕಡೆ ಹೊರಟ ರೈಲು

ಇತಿಹಾಸ ಬರೆದು ಮುಗಿಸಿದೆ. ಮ್ಯಾನೇಜರನ ಅಂಗಳದಿಂದ ಹಿಡಿದು ಅರ್ಧ ಬಸ್ಸಿನವರೆಗೆ ಎಲ್ಲವೂ ಅದರಲ್ಲಿದೆ. ಏಳನೆಯ ನಂಬರಿನ ಬಿಲ್ಲೆಯೊಂದನ್ನು ಬಿಟ್ಟು. ಹೊರಡುವ ದಿನ ಹೆಲ್ಮಿ ಸಭಾಂಗಣದ ಇಸ್ಪೀಟಿನಲ್ಲಿ ಒಂದು ಎಲೆ ಕಡಿಮೆಯಿದೆ ಎಂದು ಗೊಣಗುತ್ತಿದ್ದಳು. ತೊಯ್ವೊ ನಿಲ್ದಾಣದಲ್ಲಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡ. ಅವನು ಹಾಗೆಲ್ಲ ತಬ್ಬುವ ಜಾತಿಯಲ್ಲ, ನನಗೆ ಆಶ್ಚರ್ಯವಾಯಿತು.

ರೈಲು ಬಂಡೆಗಳನ್ನು ದಾಟಿದ ಮೇಲೆ ಟಿಕೆಟು ಕೇಳಲು ಬಂದರು. ಒಳಜೇಬಿಗೆ ಕೈಹಾಕಿದೆ. ಪಾಸ್‌ಪೋರ್ಟಿನ ಪಕ್ಕದಲ್ಲಿ ಇನ್ನೇನೋ ಕೈಗೆ ತಗುಲಿತು. ಮತ್ತೆ ಯಾರನ್ನು ನೆಲದ ಕೆಳಗೆ ಬಿಟ್ಟು ಬಂದೆನೋ ಎಂದು ಹೊರಗೆ ಎಳೆದೆ.

ಜೋಕರ್ ಎಲೆ. ಅದರ ಬೆನ್ನಿನ ಮೇಲೆ ಮತಗಟ್ಟೆಯ ಪೆನ್ಸಿಲಿನಲ್ಲಿ, ಮೂರು ಬೆರಳಿನ ಅಡ್ಡಾದಿಡ್ಡಿ ಅಕ್ಷರ: ಎಲ್ಲರೂ ಮೇಲೆ ಬಂದರು.

ಅದು ಈಗ ನಮ್ಮ ಮನೆಯ ಬೀರುವಿನಲ್ಲಿ ನನ್ನ ಬಿ.ಎ. ಪದವಿಪತ್ರದ ಜೊತೆ ಇದೆ. ಅಮ್ಮ ಆಗಾಗ ತೆಗೆದು ನೋಡಿ, "ಇದನ್ನೂ ವಾಪಸ್ ಕೊಡ್ಬೇಕೇನೋ?" ಎಂದು ಕೇಳುತ್ತಾಳೆ.

"ಇಲ್ಲ ಕಣಮ್ಮ. ಇದು ನನ್ದೇ."